ಎಂಟು ಮೀಟರಿನ ಕೆಂಪು ಚುಕ್ಕೆ

ನನ್ನ ಗಂಡನಿಗೆ ಬಂದೂಕಿನ ಲೈಸೆನ್ಸ್ ಇಲ್ಲ. ನನಗಿದೆ. ಇಷ್ಟು ಸಣ್ಣ ವಿಷಯ ನಮ್ಮ ಜನರ ತಲೆಗೆ ಯಾಕೆ ಹೋಗುವುದಿಲ್ಲವೋ ಗೊತ್ತಿಲ್ಲ. ಊರು ಬಿಟ್ಟು ಈ ಪರದೇಶಕ್ಕೆ ಬಂದು, ಮನುಕಾವ್‌ನ ಒಂದು ಬಂದೂಕು ರಿಪೇರಿ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ಕೆಲಸ ಮಾಡುವವಳು ನಾನು. ಆದರೂ ಕನ್ನಡದವರ ಯಾವ ಸಮಾರಂಭಕ್ಕೆ ಹೋದರೂ, ನಿಮ್ಮವರು ಬಂದೂಕಿನ ಅಂಗಡಿಯಲ್ಲಿ ಇದ್ದಾರಂತಲ್ಲ ಎಂದು ನನ್ನನ್ನೇ ಕೇಳುತ್ತಾರೆ. ನನ್ನವರು ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾರೆ. ಸ್ಟೇಪ್ಲರ್‌ನಲ್ಲಿ ಪಿನ್ನು ಸಿಕ್ಕಿಕೊಂಡರೂ ನನ್ನನ್ನು ಕೂಗುವ ಮನುಷ್ಯ.

ಆ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಫ್ಲ್ಯಾಟ್ ಬುಷ್ ಬಡಾವಣೆಯ ಮನೆಗೆ ಬಂದೆ. ಊಟಕ್ಕೆ ಕೂತಾಗ ಇವರು ಬಹಳ ಸಹಜವಾಗಿ, ಅಂಕಲ್ ಬಂದಿದ್ದರು, ಕಾಫಿ ಕುಡಿದು ಹೋದರು, ನಿನಗೆ ಒಂದು ಚೀಲ ಕೊಟ್ಟಿದ್ದಾರೆ ಎಂದರು. ನಾನು ಹುಣಸೆಹಣ್ಣೋ ಉಪ್ಪಿನಕಾಯಿಯೋ ಅಂದುಕೊಂಡೆ. ಎಲ್ಲಿ ಎಂದು ಕೇಳಿದರೆ ದೇವರ ಮನೆಯಲ್ಲಿ ಎಂದರು.

ನಮ್ಮ ದೇವರ ಮನೆ ಅಂದರೆ ಪಡಸಾಲೆಯ ಗೋಡೆಯಲ್ಲಿರುವ ಕಪಾಟು. ಇಲ್ಲಿನವರು ಅದರಲ್ಲಿ ಹಾಸಿಗೆ ಬಟ್ಟೆ, ಟವೆಲ್ಲು ಇಡುತ್ತಾರೆ. ನಾವು ದೇವರನ್ನು ಇಟ್ಟಿದ್ದೇವೆ. ಬಾಗಿಲು ತೆಗೆದೆ. ನಂದಾದೀಪದ ಪಕ್ಕದಲ್ಲಿ, ಊದುಬತ್ತಿಯ ಡಬ್ಬಕ್ಕೆ ಒರಗಿಕೊಂಡು, ಹಸಿರು ಕ್ಯಾನ್ವಾಸಿನ ಉದ್ದ ಚೀಲವೊಂದು ನಿಂತಿತ್ತು. ಅದರಲ್ಲಿ ಏನಿದೆ ಎಂದು ತಿಳಿಯಲು ನನಗೆ ಜಿಪ್ಪು ಎಳೆಯಬೇಕಾಗಿರಲಿಲ್ಲ. ಅಡಿಯಿಂದ ಮುಡಿಯತನಕ ಉರಿ ಹತ್ತಿತು.

“ರೀ, ಇದನ್ನ ಯಾರ್ ಕೊಟ್ರು, ಯಾರ್ ತಗೊಂಡ್ರು?”

“ಅಂಕಲ್ ಕೊಟ್ರು, ನಿನ್ನ ಕಡೆ ರಿಪೇರಿ ಮಾಡಿಸ್ಬೇಕಂತ. ಹೆಂಗೂ ಮನ್ಯಾಗ ಗಂಡಸು ಇದ್ದೀಯಲ್ಲಪ್ಪಾ ಅಂತ ನನ್ನ ಕೈಯಾಗ ಕೊಟ್ರು. ಆಯುಧ ಐತಿ, ದೇವರ ಹತ್ರ ಇಡು ಅಂದ್ರು. ಮತ್ತ ಎಲ್ಲಿಡ್ಲಿ? ಅಡಿಗಿ ಮನ್ಯಾಗ ಇಡ್ಲೇನು?”

ಲೈಸೆನ್ಸ್ ಇಲ್ಲದವರ ಕೈಗೆ ರೈಫಲ್ ಕೊಟ್ಟು ಹೋಗುವುದು ಈ ದೇಶದಲ್ಲಿ ಅಪರಾಧ. ತೆಗೆದುಕೊಳ್ಳುವುದೂ ಅಪರಾಧ. ಇವರಿಗೆ ಅದನ್ನು ಎಷ್ಟು ಸಲ ಹೇಳಿಲ್ಲ. ನನ್ನ ಗನ್ ಸೇಫಿನ ಬೀಗದ ಕೈ ಎಲ್ಲಿದೆ ಎಂದು ಇವರಿಗೆ ಗೊತ್ತಿಲ್ಲ, ಗೊತ್ತಿರಬಾರದು ಕೂಡ. ಇಷ್ಟಾಗಿ ಹಿರಿಯರೊಬ್ಬರು ಕೈಗಿಟ್ಟರೆಂದು ಈ ಮನುಷ್ಯ ಎರಡೂ ಕೈಚಾಚಿ ಇಸಿದುಕೊಂಡಿದ್ದಾರೆ. ನನ್ನ ಲೈಸೆನ್ಸ್ ಹೋದರೆ ನನ್ನ ಕೆಲಸ ಹೋಯಿತು. ಬೈಯಬೇಕಾದದ್ದನ್ನೆಲ್ಲ ಬೈದೆ. ಇವರು ಅನ್ನ ಸಾರು ಕಲಸಿಕೊಂಡು ತಲೆ ಬಗ್ಗಿಸಿ ಕೂತರು.

ಅಂಕಲ್ ಯಾರೆಂದು ಹೇಳಬೇಕು. ಮೈಸೂರಿನ ಕಡೆಯವರು, ಎಲೆಕ್ಟ್ರಿಕಲ್ ಕೆಲಸದಿಂದ ನಿವೃತ್ತರಾದವರು. ನಾನು ಹುಬ್ಬಳ್ಳಿಯಿಂದ ಇಲ್ಲಿನ ಪಾಲಿಟೆಕ್ನಿಕ್‌ಗೆ ಓದಲು ಬಂದಾಗ ಫ್ಲ್ಯಾಟ್‌ಮೇಟ್‌ಗಳ ಜಗಳದಲ್ಲಿ ಮನೆ ಕೈತಪ್ಪಿ, ಸೂಟ್‌ಕೇಸ್ ಹಿಡಿದು ಬಸ್ ಸ್ಟಾಪಿನಲ್ಲಿ ಕೂತಿದ್ದೆ. ಆಗ ಒಂದು ಇಡೀ ಚಳಿಗಾಲ ತಮ್ಮ ಮನೆಯ ಕೋಣೆ ಕೊಟ್ಟವರು ಅಂಕಲ್ ಮತ್ತು ಆಂಟಿ. ಆ ಮನೆಯ ಉಪ್ಪು ತಿಂದವಳು ನಾನು. ಅವರಿಗೆ ಇಲ್ಲ ಅನ್ನುವುದು ನನಗೆ ಸುಲಭವಲ್ಲ, ಅದು ಅವರಿಗೂ ಗೊತ್ತು.

ಚೀಲವನ್ನು ಗ್ಯಾರೇಜಿಗೆ ಒಯ್ದು, ನಳಿಗೆಯ ಬಾಯಿ ಮನೆಯ ಕಡೆಗೆ ಇರದ ಹಾಗೆ ಬೆಂಚಿನ ಮೇಲೆ ಬಿಚ್ಚಿದೆ. ಪಾಯಿಂಟ್ ಟೂ-ಟೂ ಸೆಮಿ-ಆಟೊಮ್ಯಾಟಿಕ್, ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಜಾತಿ. ಕಾನೂನು ಬಿಗಿಯಾದ ಮೇಲೆ ಈ ಜಾತಿಯಲ್ಲಿ ಸಾಮಾನ್ಯ ಲೈಸೆನ್ಸಿಗೆ ಉಳಿದಿರುವುದು ಮೊಲ ಹೊಡೆಯುವ ಈ ಸಣ್ಣ ರೈಫಲ್ಲೊಂದೇ. ಕ್ಲೀವ್ಡನ್ ಕಡೆ ಗೆಳೆಯನೊಬ್ಬನ ಜಮೀನಿನಲ್ಲಿ ಮೊಲ ಹೊಡೆಯುತ್ತೇನೆಂದು ಅಂಕಲ್ ಲೈಸೆನ್ಸ್ ಪಡೆದಿದ್ದರು. ಅದರ ಬೆನ್ನ ಮೇಲೆ ಬೆಂಕಿಪೊಟ್ಟಣದಷ್ಟು ಸಣ್ಣ ರೆಡ್ ಡಾಟ್ ಸೈಟ್ ಕೂತಿತ್ತು. ರೆಡ್ ಡಾಟ್ ಎಂದರೆ ಒಂದು ಪುಟ್ಟ ಗಾಜಿನ ಕಿಟಕಿ. ಅದರೊಳಗೆ ನೋಡಿದರೆ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಚುಕ್ಕೆ ನೋಡುವವರಿಗೆ ಮಾತ್ರ ಕಾಣುವುದು, ಗುರಿಯ ಮೇಲೆ ಯಾವ ಬೆಳಕೂ ಬೀಳುವುದಿಲ್ಲ. ಚುಕ್ಕೆಯನ್ನು ಗುರಿಯ ಮೇಲಿಟ್ಟು ಹೊಡೆದರಾಯಿತು.

ಕೂತಿತ್ತು ಅಂದೆನಲ್ಲ, ಹೇಗೆ ಕೂತಿತ್ತು ಎಂದು ನೋಡಿದ ಮೇಲೆ ಇನ್ನೊಂದು ಸುತ್ತು ಸಿಟ್ಟು ಬಂತು. ಸೈಟಿನ ಸುತ್ತ ಬೂದು ಬಣ್ಣದ್ದೇನನ್ನೋ ಮೆತ್ತಿ ಗಟ್ಟಿಯಾಗಿತ್ತು. ಊರಲ್ಲಿ ನಲ್ಲಿ ಸೋರಿದರೆ, ನೀರಿನ ಟ್ಯಾಂಕ್ ಸೀಳಿದರೆ ಎರಡು ಬಣ್ಣದ ಉಂಡೆಯನ್ನು ಚಪಾತಿ ಹಿಟ್ಟಿನಂತೆ ನಾದಿ ಮೆತ್ತುತ್ತೇವಲ್ಲ, ಆ ಸೀಲು. ನಮ್ಮ ಪ್ರತಿಯೊಂದು ಮನೆಯಲ್ಲೂ ಊರಿಂದ ಸೂಟ್‌ಕೇಸಿನಲ್ಲಿ ಬಂದ ಅದರ ಪೊಟ್ಟಣ ಒಂದಿರುತ್ತದೆ. ಸೈಟು ಅಲ್ಲಾಡದಿರಲೆಂದು ಅಂಕಲ್ ಅದನ್ನೇ ಬಳಿದಿದ್ದರು. ಬೆರಳಿನ ಗುರುತು ಕೂಡ ಚೆನ್ನಾಗಿ ಮೂಡಿತ್ತು. ಸ್ಕ್ರೂಗಳ ತಲೆ ಪೂರ್ತಿ ಮುಚ್ಚಿಹೋಗಿತ್ತು.

ಯಾವ ಬಂದೂಕು ಕೈಗೆ ಬಂದರೂ ಮೊದಲ ಕೆಲಸ ಒಂದೇ. ಮ್ಯಾಗಜೀನ್ ತೆಗೆ, ಬೋಲ್ಟ್ ಹಿಂದಕ್ಕೆ ಎಳೆ, ನಳಿಗೆಯ ಬುಡದಲ್ಲಿ ಗುಂಡು ಇಲ್ಲ ಎಂದು ಕಣ್ಣಿಂದ ನೋಡು, ಬೆರಳಿಂದ ಮುಟ್ಟು. ಬೋಲ್ಟ್ ಎಂದರೆ ಗುಂಡನ್ನು ನಳಿಗೆಗೆ ತಳ್ಳುವ ಉಕ್ಕಿನ ತುಂಡು, ಹಿಂದಕ್ಕೆ ಮುಂದಕ್ಕೆ ಜಾರಬೇಕು. ಹತ್ತು ಗುಂಡು ಹಿಡಿಯುವ ಮ್ಯಾಗಜೀನ್ ತೆಗೆದೆ, ಅದು ಖಾಲಿ ಇತ್ತು. ಬೋಲ್ಟಿನ ಹಿಡಿ ಎಳೆದೆ. ಬರಲಿಲ್ಲ. ಇನ್ನೂ ಸ್ವಲ್ಪ ಒತ್ತಿ ಎಳೆದೆ. ಕೂದಲೆಳೆಯಷ್ಟೂ ಜರುಗಲಿಲ್ಲ.

ಒಳಗೆ ನೋಡಲಾಗದ ಬಂದೂಕು ತುಂಬಿದ ಬಂದೂಕು. ನಮ್ಮ ಕೆಲಸದಲ್ಲಿ ಇದಕ್ಕೆ ಎರಡನೇ ಮಾತಿಲ್ಲ. ಇವರನ್ನು ಮನೆಯಿಂದ ಹೊರಗೆ ಕಳಿಸಿ ರಸ್ತೆಯ ಆಚೆ ನಿಲ್ಲಲು ಹೇಳಿದೆ. ಬಾಸ್‌ಗೆ ಫೋನ್ ಮಾಡಿದೆ. ಬಾಸ್ ಇಲ್ಲಿಯವನೇ, ವರ್ಕ್‌ಶಾಪಿನ ಮಾಲೀಕ, ಮಾತು ಕಡಿಮೆ. ಅದನ್ನು ಕಾರಿನಲ್ಲಿ ತರಬೇಡ, ಅಲ್ಲಿಂದ ಅಲ್ಲಾಡಿಸಬೇಡ, ನಾನೇ ಬರುತ್ತೇನೆ ಎಂದ. ಯೂಟ್ ಎನ್ನುವ ತೆರೆದ ಪಿಕಪ್ ಗಾಡಿಯ ಹಿಂದೆ ಒದ್ದೆ ಮರಳಿನ ದೊಡ್ಡ ಬಕೆಟ್, ಟೂಲ್ ಬಾಕ್ಸ್ ಹಾಕಿಕೊಂಡು ಬಂದ. ರೈಫಲ್ ನನ್ನ ಮನೆಯಲ್ಲಿ ಹೇಗೆ ಇಳಿಯಿತು ಎಂದು ಕೇಳಿದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ರಸ್ತೆಯಾಚೆ ಕೈಕಟ್ಟಿ ನಿಂತಿದ್ದ ನನ್ನ ಗಂಡನನ್ನು ಒಮ್ಮೆ ನೋಡಿ ಕೋಟು ಬಿಚ್ಚಿದ.

ನಳಿಗೆಯ ಬಾಯನ್ನು ಮರಳಿಗೆ ಇಳಿಸಿ ರೈಫಲನ್ನು ಬೆಂಚಿಗೆ ಕಚ್ಚಿಸಿದ ವೈಸ್‌ನ ಇಕ್ಕಳದಲ್ಲಿ ರಬ್ಬರ್ ತುಂಡುಗಳ ನಡುವೆ ಹಿಡಿಸಿದೆವು. ಎಲ್ಲಿ ಸಿಕ್ಕಿಕೊಂಡಿದೆ ಎನ್ನುವುದು ನನಗೆ ಹೆಚ್ಚುಕಡಿಮೆ ಗೊತ್ತಾಗಿತ್ತು. ಸೈಟಿನ ಪಟ್ಟಿಯನ್ನು ಹಿಡಿಯುವ ಹಿಂದಿನ ಸ್ಕ್ರೂ ಬೋಲ್ಟಿನ ನೆತ್ತಿಯ ಮೇಲೇ ಬರುತ್ತದೆ. ಅದು ಒಂದೆರಡು ಎಳೆ ಉದ್ದವಾದರೂ ಸಾಕು, ಕೆಳಗಿಳಿದು ಬೋಲ್ಟನ್ನು ಒತ್ತಿ ಹಿಡಿಯುತ್ತದೆ. ಆ ಸ್ಕ್ರೂ ತಿರುಗಿಸಿ ಸಡಿಲಿಸಿದರೆ ಬೋಲ್ಟ್ ಬಿಡುತ್ತದೆ. ಆದರೆ ಸ್ಕ್ರೂ ಇರುವುದು ಕಲ್ಲಿನಂಥ ಸೀಲಿನ ಕೆಳಗೆ. ಬೇರೆ ದಿನವಾದರೆ ಬಿಸಿ ಕೊಟ್ಟು ಮೆತ್ತಗೆ ಮಾಡಬಹುದು. ಗುಂಡು ಇರಬಹುದಾದ ಬಂದೂಕಿಗೆ ಬಿಸಿ ಕೊಡುವಂತಿಲ್ಲ. ಉಳಿ ಇಟ್ಟು ಒಂದೇ ಏಟಿಗೆ ಎಬ್ಬಿಸಬಹುದು. ಏಟು ಹಾಕುವಂತೆಯೂ ಇಲ್ಲ.

ಉಳಿದದ್ದು ಕೆರೆಯುವುದು. ಹಲ್ಲಿನ ಡಾಕ್ಟರರು ಬಾಯಿಗೆ ಹಾಕುವಂಥ ಕೊಕ್ಕೆಗಳು ನಮ್ಮಲ್ಲಿವೆ. ಅದರಿಂದ ಸಾಸಿವೆ ಕಾಳಿನಷ್ಟು, ಸಾಸಿವೆ ಕಾಳಿನಷ್ಟು ಕಿತ್ತು ಬ್ರಷ್‌ನಿಂದ ಗುಡಿಸುತ್ತಾ ಹೋದೆ. ಬಾಸ್ ಟಾರ್ಚ್ ಹಿಡಿದ. ಕೊಕ್ಕೆ ಜಾರಿ ಎರಡು ಸಲ ಬೆರಳಿಗೆ ಚುಚ್ಚಿತು. ಒಂದು ಸ್ಕ್ರೂವಿನ ತಲೆ ಕಂಡಿತು, ಅದು ಮುಂದಿನದು, ನಮಗೆ ಬೇಕಾದದ್ದಲ್ಲ. ಮತ್ತೆ ಶುರು. ಕೆರೆಯುತ್ತಾ ಕೆರೆಯುತ್ತಾ ಬಾಯಲ್ಲಿ ಸಹಸ್ರನಾಮ. ಹುಬ್ಬಳ್ಳಿಯ ಬೈಗುಳ ಬಾಸ್‌ಗೆ ತಿಳಿಯುವುದಿಲ್ಲ ಎನ್ನುವುದು ಈ ಕೆಲಸದಲ್ಲಿ ನನಗಿರುವ ದೊಡ್ಡ ಅನುಕೂಲ.

ಬಿಸಿಲು ಗ್ಯಾರೇಜಿನ ಬಾಗಿಲು ದಾಟಿ ಹೋಗುವ ಹೊತ್ತಿಗೆ ಹಿಂದಿನ ಸ್ಕ್ರೂವಿನ ತಲೆ ಸಿಕ್ಕಿತು. ಅದರ ಗುಳಿಯೊಳಗೂ ಸೀಲು. ಅದನ್ನು ಸೂಜಿಯಿಂದ ಬಿಡಿಸಿ, ಸ್ಕ್ರೂಡ್ರೈವರಿನ ಮೂತಿ ಸರಿಯಾಗಿ ಕೂರಿಸಿ ತಿರುಗಿಸಿದೆ. ಕಿರ್ ಎಂದಿತು. ಅರ್ಧ ಸುತ್ತು. ಒಂದು ಸುತ್ತು. ಬಾಸ್ ಬೋಲ್ಟಿನ ಹಿಡಿಗೆ ಕೈಹಾಕಿ ನಿಧಾನ ಎಳೆದ. ಬಂತು. ಜೊತೆಗೆ ಒಂದು ಗುಂಡೂ ಬಂದು ಬೆಂಚಿನ ಮೇಲೆ ಬಿದ್ದು ಉರುಳಿತು. ಹೊಸ ಗುಂಡು, ಹಿತ್ತಾಳೆ ಪಳಪಳ ಅನ್ನುತ್ತಿತ್ತು.

ಬಾಸ್ ಅದನ್ನು ಎತ್ತಿ ನಿಲ್ಲಿಸಿದ. ಇಬ್ಬರ ತಲೆಯಲ್ಲೂ ಒಂದೇ ಲೆಕ್ಕ ಓಡುತ್ತಿತ್ತು. ಸ್ಕ್ರೂ ಮೊದಲೇ ಬಿಗಿಯಾಗಿದ್ದಿದ್ದರೆ ಬೋಲ್ಟ್ ಮುಂದೆ ಹೋಗುತ್ತಲೇ ಇರಲಿಲ್ಲ, ಗುಂಡು ಒಳಗೆ ಸೇರುತ್ತಲೇ ಇರಲಿಲ್ಲ. ಅಂದರೆ ಮೊದಲು ಗುಂಡು ತುಂಬಿದ್ದಾರೆ, ಆಮೇಲೆ ಸ್ಕ್ರೂ ಬಿಗಿಸಿದ್ದಾರೆ. ತುಂಬಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಸ್ಕ್ರೂಡ್ರೈವರ್ ಒತ್ತಿ, ಸೀಲು ನಾದಿ ಮೆತ್ತಿದ್ದಾರೆ. ಅದೇ ಬಂದೂಕು ನನ್ನ ಗಂಡನ ಕೈಗೆ ಬಂದು, ಬೆಳಗಿಡೀ ನನ್ನ ಮನೆಯ ದೀಪದ ಪಕ್ಕದಲ್ಲಿ ನಿಂತಿತ್ತು.

ಫೋನ್ ಮಾಡಿ ಅಂಕಲ್‌ಗೆ ಬಾಯಿಗೆ ಬಂದದ್ದು ಅಂದೆ. ಜೀವಮಾನದಲ್ಲಿ ಮೊದಲ ಸಲ ಅವರೆದುರು ದನಿ ಎತ್ತಿದ್ದು. ಅವರು, ಅಯ್ಯೋ, ಒಂದು ಉಳಿದುಕೊಂಡುಬಿಟ್ಟಿತ್ತಾ, ವಯಸ್ಸಾಯ್ತು ಮರೆತೆ, ಏನೂ ಆಗಲಿಲ್ಲವಲ್ಲ ಬಿಡು ಎಂದರು. ಏನೂ ಆಗಲಿಲ್ಲವಲ್ಲ ಎನ್ನುವ ಈ ಮಾತು ಕೇಳಿದರೆ ನನಗೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಬಾಸ್ ರೈಫಲನ್ನು ಅಂಗಡಿಯ ಸ್ಟ್ರಾಂಗ್ ರೂಮಿಗೆ ಒಯ್ದ. ಹೋಗುವಾಗ, ಮುದುಕರು ಮರೆಯುತ್ತಾರೆ, ಸೋಮವಾರ ಸೈಟನ್ನು ನೆಟ್ಟಗೆ ಕೂರಿಸೋಣ, ಕೊಡುವಾಗ ಕೂರಿಸಿಕೊಂಡು ಸರಿಯಾಗಿ ಬೈಯೋಣ ಎಂದ. ನನ್ನ ಗಂಡನ ವಿಷಯ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಸೋಮವಾರ ಉಳಿದ ಸೀಲನ್ನು ಬಿಸಿ ಮಾಡಿ ಎಬ್ಬಿಸಿದೆ. ಪಟ್ಟಿಯನ್ನು ಪೂರ್ತಿ ಕಳಚಿ, ಸ್ಕ್ರೂ ತೂತುಗಳ ಒಳಗಿನ ಸುರುಳಿ ಗೆರೆಗಳಲ್ಲಿ ಸಿಕ್ಕಿದ್ದ ಚೂರುಗಳನ್ನು ತೆಗೆದು, ಎಣ್ಣೆಯ ಪಸೆ ಒಂದು ಚೂರೂ ಉಳಿಯದಂತೆ ಅಸಿಟೋನ್‌ನಿಂದ ಒರೆಸಿದೆ. ಪಸೆ ಇದ್ದರೆ ಸ್ಕ್ರೂವಿಗೆ ಹಾಕುವ ನೀಲಿ ಅಂಟು ಹಿಡಿಯುವುದಿಲ್ಲ. ಉದ್ದದ ಸ್ಕ್ರೂ ಬಿಸಾಕಿ ಅಳತೆಯ ಗಿಡ್ಡ ಸ್ಕ್ರೂ ಹಾಕಿದೆ. ಒಂದೊಂದು ಹನಿ ಅಂಟು. ಬೇಕಾದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಎನ್ನುವ ಟಾರ್ಕ್ ಡ್ರೈವರಿನಿಂದ ಹಿಂದು ಮುಂದು ಸ್ವಲ್ಪ ಸ್ವಲ್ಪವೇ ಬಿಗಿಸಿ, ಕ್ಲಿಕ್ ಎಂದಲ್ಲಿ ನಿಲ್ಲಿಸಿದೆ. ಬೋಲ್ಟ್ ಆಡಿಸಿ ನೋಡಿದೆ, ಬೆಣ್ಣೆಯಂತೆ ಜಾರಿತು. ಸೈಟನ್ನು ಪಟ್ಟಿಯ ಅಡ್ಡ ಸೀಳಿಗೆ ಕೂರಿಸಿ, ಮುಂದಕ್ಕೆ ಒತ್ತಿ ಹಿಡಿದು ಬಿಗಿಸಿದೆ. ಸ್ಕ್ರೂವಿನ ತಲೆಯಿಂದ ಪಟ್ಟಿಗೆ ಬಿಳಿ ಪೇಂಟಿನ ಸಣ್ಣ ಗೆರೆ ಎಳೆದೆ. ಸ್ಕ್ರೂ ಮುಂದೆಂದಾದರೂ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಕೆಲಸ ಚೆನ್ನಾಗಿ ಬಂದಿತ್ತು, ಸಿಟ್ಟೂ ಅರ್ಧ ಇಳಿದಿತ್ತು.

ಉಳಿದದ್ದು ಗುರಿ ಹೊಂದಿಸುವುದು. ಕಣ್ಣು ನೋಡುವ ಗೆರೆ ಮೇಲಿರುತ್ತದೆ, ಗುಂಡು ಹೊರಡುವ ನಳಿಗೆ ಅದಕ್ಕಿಂತ ಕೆಳಗಿರುತ್ತದೆ. ಇವೆರಡೂ ಎಷ್ಟು ದೂರದಲ್ಲಿ ಒಂದಾಗಬೇಕು ಎಂದು ನಾವು ಮೊದಲೇ ಗೊತ್ತುಮಾಡಿ ಹೊಂದಿಸಬೇಕು. ಹತ್ತಿರಕ್ಕೆ ಹೊಂದಿಸಿದ್ದು ದೂರಕ್ಕೆ ಆಗುವುದಿಲ್ಲ. ಅದಕ್ಕೇ ಪ್ರತಿ ಗಿರಾಕಿಯನ್ನೂ ದೂರ ಎಷ್ಟು ಎಂದು ಕೇಳುತ್ತೇವೆ. ಮೊಲ ಹೊಡೆಯುವವರು ಐವತ್ತು ಮೀಟರ್ ಅನ್ನುತ್ತಾರೆ. ಕೆಲವರು ಇಪ್ಪತ್ತೈದು ಅನ್ನುತ್ತಾರೆ. ಮೊಲವೇನು ಹತ್ತಿರ ಬಂದು ಕೂರುವುದಿಲ್ಲ.

ಅಂಕಲ್ ಮಧ್ಯಾಹ್ನ ಅಂಗಡಿಗೆ ಬಂದರು. ಕೈಯಲ್ಲಿ ಆಂಟಿ ಮಾಡಿದ ಕೋಡುಬಳೆಯ ಸ್ಟೀಲ್ ಡಬ್ಬಿ. ಇನ್ನೂ ಸಿಟ್ಟೇನಮ್ಮಾ ಎಂದು ನಕ್ಕರು. ನಾನು ನಗಲಿಲ್ಲ. ಗುಂಡಿನ ವಿಷಯ ಮತ್ತೊಮ್ಮೆ ಹೇಳಿದೆ. ಆಯ್ತಮ್ಮಾ, ತಪ್ಪಾಯ್ತು ಅಂದೆನಲ್ಲ ಎಂದು ಕೈಬೀಸಿದರು. ಮಾತು ಮುಗಿಸಲೆಂದು, ಎಷ್ಟು ದೂರಕ್ಕೆ ಹೊಂದಿಸಲಿ ಎಂದು ಕೇಳಿದೆ.

“ಹತ್ತು ಮೀಟರ್ ಮಾಡಮ್ಮಾ,” ಎಂದರು. ಸ್ವಲ್ಪ ಯೋಚಿಸಿ, “ಹತ್ತೂ ಆಗಲ್ಲ. ಎಂಟಕ್ಕೆ ಸೆಟ್ ಮಾಡು,” ಎಂದರು. ಚುಕ್ಕೆಯ ಬೆಳಕನ್ನು ತೀರಾ ಕಡಿಮೆ ಇಡು, ಕತ್ತಲಲ್ಲಿ ಕಣ್ಣಿಗೆ ಹೊಡೆಯುತ್ತದೆ ಎಂದೂ ಸೇರಿಸಿದರು.

ಎಂಟು ಮೀಟರ್‌ನಲ್ಲಿ ಯಾವ ಮೊಲ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರ ಮನೆ ಕಣ್ಣ ಮುಂದೆ ಬಂತು. ನಾನು ಆ ಮನೆಯಲ್ಲಿ ಒಂದು ಚಳಿಗಾಲ ಕಳೆದವಳು. ಅವರ ಮಲಗುವ ಕೋಣೆಯ ಬಾಗಿಲಿಂದ ಮುಂಬಾಗಿಲಿಗೆ ಹೋಗುವ ಮನೆಯೊಳಗಿನ ಓಣಿ ಹೆಚ್ಚೆಂದರೆ ಎಂಟು ಮೀಟರ್, ಎಡಗಡೆ ಬಾತ್‌ರೂಮು, ಬಲಗಡೆ ನಾನಿದ್ದ ಕೋಣೆ. ಆಗ ನಾನು ಬೇಕರಿಯಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದೆ. ಅವರಿಗೆ ಎಚ್ಚರವಾಗಬಾರದೆಂದು ಶೂ ಕೈಯಲ್ಲಿ ಹಿಡಿದು ಆ ಓಣಿಯಲ್ಲಿ ಬೆಕ್ಕಿನಂತೆ ನಡೆದು ಬರುತ್ತಿದ್ದೆ. ಈಗ ಅವರ ಮಗಳು ಆಸ್ಪತ್ರೆಯಲ್ಲಿ ನರ್ಸ್. ಶಿಫ್ಟ್ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಆ ಬಾಗಿಲಿಂದಲೇ ಬರುತ್ತಾಳೆ.

ಆ ಗುಂಡು ತಪ್ಪಿ ಉಳಿದದ್ದಲ್ಲ, ಅವರು ಮರೆತೂ ಇರಲಿಲ್ಲ. ಆ ಬಂದೂಕು ಯಾವಾಗಲೂ ತುಂಬಿಯೇ ಇರುತ್ತಿತ್ತು.

“ಬಾಗ್ಲಿಗೇನ್ರಿ, ಅಂಕಲ್?” ಎಂದೆ.

ಅವರು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಪಕ್ಕದ ಬೀದಿಯ ಮನೆಗೆ ಹುಡುಗರು ನುಗ್ಗಿದ್ದು, ಎದುರು ಮನೆಯವರ ಕಾರು ಹೋದದ್ದು, ಇಲ್ಲಿ ಡೇರಿ ಅನ್ನುವ ಯಾರದೋ ಮೂಲೆ ಅಂಗಡಿಗೆ ಸುತ್ತಿಗೆ ಹಿಡಿದು ಬಂದದ್ದು, ಫೋನ್ ಮಾಡಿದರೆ ಪೊಲೀಸರು ಮರುದಿನ ಬಂದದ್ದು, ಎಲ್ಲ ಹೇಳಿದರು. ಅವರ ಹೆದರಿಕೆ ಸುಳ್ಳಲ್ಲ. ನಮ್ಮ ಬೀದಿಯಲ್ಲೂ ಎಲ್ಲರೂ ಕ್ಯಾಮೆರಾ ಹಾಕಿಸಿದ್ದಾರೆ. ಆದರೆ ಕಳ್ಳರಿಗೆಂದು ಬಂದೂಕು ಬೇಕು ಎಂದರೆ ಈ ದೇಶದಲ್ಲಿ ಲೈಸೆನ್ಸೇ ಕೊಡುವುದಿಲ್ಲ. ಮನೆಯಲ್ಲಿ ಅದು ಖಾಲಿಯಾಗಿ, ಬೀಗದೊಳಗೆ ಇರಬೇಕು, ಗುಂಡು ಬೇರೆ ಬೀಗದಲ್ಲಿರಬೇಕು. ಪರೀಕ್ಷೆ ಬರೆದು ಪಾಸಾದ ಮನುಷ್ಯ ಅವರು, ಇದೆಲ್ಲ ನನಗಿಂತ ಚೆನ್ನಾಗಿ ಬಾಯಿಪಾಠ ಬರುತ್ತದೆ.

“ಆ ಬಾಗ್ಲಾಗ ನಿಮ್ಮ ಮಗಳು ಬರ್ತಾಳ್ರಿ, ಅಂಕಲ್.”

“ನನ್ನ ಮಗಳು ಬಂದ್ರೆ ನಂಗೆ ಗೊತ್ತಾಗಲ್ವೇನಮ್ಮಾ? ಅವಳ ಹೆಜ್ಜೆ ಸದ್ದೇ ಸಾಕು ನಂಗೆ.”

ಹೆಜ್ಜೆ ಸದ್ದಂತೆ. ಬೆಂಚಿನ ಮೇಲಿದ್ದ ರೈಫಲ್ ಎತ್ತಿಕೊಂಡು ಒಳಗೆ ಹೋದೆ. ಸೈಟು ನೆಟ್ಟಗೆ ಕೂತಿತ್ತು, ಚುಕ್ಕೆ ಸ್ಪಷ್ಟವಾಗಿತ್ತು, ಬೋಲ್ಟ್ ಬೆಣ್ಣೆಯಂತೆ ಜಾರುತ್ತಿತ್ತು. ಆ ಬೂದು ಸೀಲಿನಲ್ಲಿ ಸಿಕ್ಕಿಕೊಂಡು ಒಂದು ಗುಂಡಿಗಿಂತ ಹೆಚ್ಚು ಹಾರಿಸಲಾಗದೆ ನಿಂತಿದ್ದ ಬಂದೂಕನ್ನು ನನ್ನ ಕೈಯಾರೆ ಹತ್ತು ಗುಂಡು ಹಾರಿಸುವ ಹಾಗೆ ರಿಪೇರಿ ಮಾಡಿದ್ದೆ. ಸ್ಟ್ರಾಂಗ್ ರೂಮಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಬಾಸ್‌ನ ಕೈಗೆ ಕೊಟ್ಟು ಬಂದೆ. ರೈಫಲ್ ವಾಪಸ್ ಕೊಡುವುದಿಲ್ಲ ಎಂದೆ.

ಅವರು ಮೊದಲು ನಂಬಲಿಲ್ಲ. ತಮಾಷೆ ಮಾಡಬೇಡ ಎಂದರು. ನಿನ್ನ ಗಂಡನ ಹತ್ತಿರ ಮಾತಾಡುತ್ತೇನೆ ಎಂದರು. ಆ ಮಾತಿಗೆ ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಆಮೇಲೆ ಅವರ ಮುಖ ಕೆಂಪಾಯಿತು.

“ನನ್ನ ಮನೇಲಿ ಉಂಡೋಳು ನೀನು.”

“ಹೌದ್ರಿ, ಉಂಡೀನಿ. ಅದಕ್ಕ ಕೊಡಂಗಿಲ್ಲ.”

ಡಬ್ಬಿಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಟುಹೋದರು. ಬಾಸ್‌ಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಗಡ್ಡ ಕೆರೆದುಕೊಂಡು, ಪೊಲೀಸರಿಗೆ ತಿಳಿಸಲೇಬೇಕು, ನೀನು ಫೋನ್ ಮಾಡುತ್ತೀಯೋ ನಾನು ಮಾಡಲೋ ಎಂದ. ಅವನು ಮಾಡಿದರೆ ನನ್ನ ಹೆಸರು ಹಿಂದೆ ಉಳಿಯುತ್ತದೆ, ಅಂಗಡಿಯವನು ದೂರು ಕೊಟ್ಟ, ನಾನೇನು ಮಾಡಲಿ ಎಂದು ಆಂಟಿಗೆ ಹೇಳಬಹುದು. ಆದರೆ ಹೇಳುವುದಾದರೆ ಮೊದಲಿಂದ ಹೇಳಬೇಕು. ರೈಫಲ್ ನನ್ನ ಗಂಡನ ಕೈಗೆ ಬಂದದ್ದು, ದೇವರ ಕಪಾಟಿನಲ್ಲಿ ನಿಂತದ್ದು, ಎಲ್ಲವೂ. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ನಾಳೆ ಅಂಕಲ್ಲೇ ಅದನ್ನು ಹೇಳುತ್ತಾರೆ, ಆಗ ನಾನು ಹೇಳಿದ ಯಾವುದನ್ನೂ ಯಾರೂ ನಂಬುವುದಿಲ್ಲ, ರೈಫಲ್ ಆ ಓಣಿಗೆ ವಾಪಸ್ ಹೋಗುತ್ತದೆ. ಒಂದು ಲೋಟ ನೀರು ಕುಡಿದು ನಾನೇ ಫೋನ್ ಮಾಡಿದೆ.

ಆಮೇಲಿನದು ಸುಖದ ಕತೆಯಲ್ಲ. ರೈಫಲನ್ನು ಪೊಲೀಸರು ಅಂದೇ ಒಯ್ದರು. ಅಂಕಲ್‌ನ ಲೈಸೆನ್ಸ್ ತಡೆಹಿಡಿದರು, ಕೊನೆಗೆ ರದ್ದೇ ಆಯಿತು. ನನ್ನ ಮನೆಗೂ ಬಂದರು. ಬಂದ ಅಧಿಕಾರಿಣಿ ಬಾಗಿಲಲ್ಲಿ ಬೂಟು ಕಳಚಿಟ್ಟು, ದೇವರ ಕಪಾಟಿನ ಮುಂದೆ ನಿಂತು, ಎಲ್ಲಿ ಇತ್ತು ತೋರಿಸಿ ಎಂದು ನನ್ನ ಗಂಡನನ್ನು ಕೇಳಿದಳು. ಇವರು ಊದುಬತ್ತಿಯ ಡಬ್ಬ ತೋರಿಸಿದರು. ಅವಳು ನನ್ನ ಸೇಫ್ ನೋಡಿದಳು, ಬೀಗದ ಕೈ ಎಲ್ಲಿ ಎಂದು ಇವರನ್ನು ಕೇಳಿದಳು, ಗೊತ್ತಿಲ್ಲ ಎಂದರು. ಈ ಜನ್ಮದಲ್ಲಿ ಇವರು ಕೊಟ್ಟ ಅತ್ಯುತ್ತಮ ಉತ್ತರ ಅದೇ.

ನನ್ನ ಲೈಸೆನ್ಸಿನ ತೀರ್ಮಾನ ಆಗುವವರೆಗೆ ನಾನು ಬಂದೂಕು ಮುಟ್ಟುವಂತಿರಲಿಲ್ಲ. ವರ್ಕ್‌ಶಾಪಿನ ಬೆಂಚಿನಿಂದ ಎಬ್ಬಿಸಿ ಹೊರಗೆ ಕೂರಿಸಿದರು. ಬಾಕ್ಸ್ ಒಡೆಯುವುದು, ಚೀಲ ಜೋಡಿಸುವುದು, ಗಿರಾಕಿಗಳ ಫೋನ್ ತೆಗೆಯುವುದು. ಒಳಗೆ ಬೇರೆಯವರು ನನ್ನ ಟಾರ್ಕ್ ಡ್ರೈವರ್ ಕ್ಲಿಕ್ ಅನ್ನಿಸುವ ಸದ್ದು ಕೇಳುತ್ತಾ ಹಲ್ಲು ಕಡಿಯುತ್ತಿದ್ದೆ. ತುಂಬಿದ ಬಂದೂಕನ್ನು ನನ್ನ ಮನೆಗೆ ತಂದಿಟ್ಟವರು ಅವರು, ಬೆರಳು ಚುಚ್ಚಿಕೊಂಡು ಬಿಡಿಸಿದವಳು ನಾನು, ಶಿಕ್ಷೆ ಇಬ್ಬರಿಗೂ. ಕೊನೆಗೆ ಇವರಿಗೂ ನನಗೂ ಎಚ್ಚರಿಕೆ ಕೊಟ್ಟು ಬಿಟ್ಟರು. ನಾನು ಬೆಂಚಿಗೆ ಮರಳಿದೆ.

ನಮ್ಮ ಜನ ಬಿಡಲಿಲ್ಲ. ಹುಟ್ಟುಹಬ್ಬವೊಂದರಲ್ಲಿ ಒಬ್ಬರು ಬಿಸಿಬೇಳೆಬಾತ್ ಬಡಿಸುತ್ತಾ, ನಮ್ಮವರೇ ನಮ್ಮವರನ್ನು ಹಿಡಿದುಕೊಟ್ಟರೆ ಹೊರಗಿನವರನ್ನು ಏನು ಹೇಳೋದು ಎಂದು ನನಗೆ ಕೇಳುವ ಹಾಗೆ ಗಾಳಿಗೆ ಹೇಳಿದರು. ಇನ್ನೊಬ್ಬರು ನನ್ನ ಗಂಡನ ಹತ್ತಿರ ಹೋಗಿ, ನೀವಾದರೂ ತಡೆಯಬಾರದಿತ್ತಾ ಎಂದು ಕೇಳಿದರು. ಇವರು ತಟ್ಟೆ ಕೆಳಗಿಟ್ಟು, ನಾನು ತಡೆಯಬೇಕಾಗಿದ್ದು ಆ ಚೀಲವನ್ನು, ಅವಳನ್ನಲ್ಲ ಎಂದರು. ಆ ದಿನ ಇವರ ಮೇಲಿದ್ದ ಸಿಟ್ಟಿನಲ್ಲಿ ಒಂದಿಷ್ಟು ಕಡಿಮೆಯಾಯಿತು.

ಆಂಟಿ ಮಾತ್ರ ಮಾತು ಬಿಟ್ಟಿದ್ದರು. ಫೋನ್ ಮಾಡಿದರೆ ತೆಗೆಯುತ್ತಿರಲಿಲ್ಲ. ಡಬ್ಬಿ ವಾಪಸ್ ಕೊಡಲು ಹೋದಾಗ ಮನೆಯಲ್ಲಿದ್ದೂ ಬಾಗಿಲು ತೆರೆಯಲಿಲ್ಲ. ನನಗೆ ಊಟ ಬಡಿಸಿದ ಕೈ, ಜ್ವರ ಬಂದಾಗ ಹಣೆ ಮುಟ್ಟಿದ ಕೈ. ಬೇಜಾರು ಹೋಗಿ ಅಲ್ಲೂ ಸಿಟ್ಟೇ ಬಂತು. ಒಂದು ಸಲ ಸಿಗಲಿ, ಬಂದೂಕು ತುಂಬಿದ್ದದ್ದು ನಿಮಗೆ ಗೊತ್ತಿರಲಿಲ್ಲವೇ ಎಂದು ಮುಖಕ್ಕೆ ಕೇಳಿಬಿಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದೆ.

ಅಂಕಲ್‌ನ ಲೈಸೆನ್ಸ್ ರದ್ದಾದ ಕಾಗದ ಅವರ ಮನೆಗೆ ಬಂದ ಮೇಲೆ, ಒಂದು ಬೆಳಿಗ್ಗೆ ನಾನು ಬೆಂಚಿನಲ್ಲಿದ್ದಾಗ ಆಂಟಿಯ ಫೋನ್ ಬಂತು. ಕೈ ಒರೆಸಿಕೊಂಡು ಹೊರಗೆ ಹೋಗಿ ತೆಗೆದೆ. ಅವರು ಊಟ ತಿಂಡಿ ಏನನ್ನೂ ಕೇಳಲಿಲ್ಲ. ಅಂಕಲ್ ವಾಕಿಂಗ್ ಹೋಗಿದ್ದಾರೆ, ಬೇಗ ಹೇಳಿ ಇಡುತ್ತೇನೆ ಎಂದರು. ನಾನು ಜೋಡಿಸಿಟ್ಟಿದ್ದ ಮಾತು ಶುರುಮಾಡಿದೆ. ಗೊತ್ತಿತ್ತೇನ್ರಿ ಆಂಟಿ ನಿಮಗ, ಅದು ತುಂಬಿರ್ತಿತ್ತು ಅಂತ?

ಗೊತ್ತಿತ್ತು ಎಂದರು. ಹೋದ ವರ್ಷ ಒಂದು ರಾತ್ರಿ ಆಂಟಿ ಬಾತ್‌ರೂಮಿನಿಂದ ವಾಪಸ್ ಬರುವಾಗ ಅಂಕಲ್ ಹಾಸಿಗೆಯ ಮೇಲೆ ಕೂತು ಅದನ್ನು ಆಂಟಿಯ ಕಡೆಗೇ ಗುರಿ ಹಿಡಿದಿದ್ದರಂತೆ. ಆಂಟಿ ಬಾಗಿಲಲ್ಲೇ ನಿಂತು, ನಾನು ಕಣ್ರೀ, ನಾನು ಎಂದರಂತೆ. ಆಗ ಅಂಕಲ್ ಅದನ್ನು ಕೆಳಗಿಳಿಸಿದರಂತೆ. ಬೆಳಿಗ್ಗೆ ಇಬ್ಬರೂ ಅದರ ಮಾತೆತ್ತಲಿಲ್ಲ. ಅಲ್ಲಿಂದ ಈಚೆಗೆ ಆಂಟಿ ರಾತ್ರಿ ಹಾಸಿಗೆಯಿಂದ ಎದ್ದರೆ ಸಾಕು, ನಾನು, ನಾನು, ನಾನು ಎಂದು ಗಟ್ಟಿಯಾಗಿ ಹೇಳಿಕೊಂಡೇ ಹೋಗಿ, ಹೇಳಿಕೊಂಡೇ ಬರುತ್ತಿದ್ದರು. ನೋಡಿದ ಮಗಳು ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಯಿತೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು.

ಜೋಡಿಸಿಟ್ಟದ್ದೆಲ್ಲ ಎಲ್ಲಿಗೆ ಹೋಯಿತೋ.

“ನಿನ್ನೆ ರಾತ್ರಿ ನೀರು ಕುಡಿಯೋಕೆ ಎದ್ದೆ ಕಣೇ,” ಎಂದರು ಆಂಟಿ. “ಏನೂ ಹೇಳ್ದೆ ಹೋದೆ. ಏನೂ ಹೇಳ್ದೆ ಬಂದು ಮಲ್ಕೊಂಡೆ.”